ಹಳೆ ಬೈಕಿನ ಐಡ್ಲಿಂಗ್ ಯಾಕೆ ಒಂದೇ ಸಮ ಇರುವುದಿಲ್ಲ? ದೋಷ ಹುಡುಕುವುದರಿಂದ ಕಾರ್ಬೊರೇಟರ್ ಸವೆತದ ತನಕ

ಸಿಗ್ನಲ್‌ನಲ್ಲಿ ನಿಂತ ತಕ್ಷಣ ಗಾಡಿ ಆಫ್ ಆಗುತ್ತದೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆದರೆ ಈ ಸಲ ಐಡ್ಲಿಂಗ್, ಅಂದರೆ ಥ್ರಾಟಲ್ ಬಿಟ್ಟಾಗ ಇಂಜಿನ್ ತಾನಾಗಿ ಓಡುವ ವೇಗ, ವಿಪರೀತ ಜೋರು. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನ ಸ್ಕ್ರೂ ಸ್ವಲ್ಪ ಸಡಿಲಿಸುತ್ತೀರಿ. ಸರಿಹೋಯ್ತು ಅನಿಸುತ್ತದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಹಳೆ ಬೈಕ್ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ, ಅಲ್ವಾ?

ನಾನೂ ಒಂದು ಕಾಲದಲ್ಲಿ ಇದೇ ಆಟ ಆಡಿದ್ದೇನೆ. ಆಮಲ್ ಕಾನ್ಸೆಂಟ್ರಿಕ್ ಕಾರ್ಬೊರೇಟರ್ ಇದ್ದ ಒಂದು ಹಳೆ ಸಿಂಗಲ್ ಸಿಲಿಂಡರ್ ಗಾಡಿ ಅದು. ಎರಡು ವಾರದಲ್ಲಿ ಆರು ಸಲ ಕಾರ್ಬೊರೇಟರ್ ಬಿಚ್ಚಿದೆ. ಮೇಜಿನ ಮೇಲೆ ಇಟ್ಟಾಗ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಬೆಣ್ಣೆಯಂತೆ ಜಾರುತ್ತಿತ್ತು. ಇಂಜಿನ್‌ಗೆ ಕೂರಿಸಿದರೆ ಮೇಲೇ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಬೇಸರಬಂದು, ಕಾರ್ಬೊರೇಟರ್ ಇಂಜಿನ್‌ಗೆ ಸೇರುವ ಚಪ್ಪಟೆ ಮುಖದ, ಅಂದರೆ ಫ್ಲೇಂಜ್‌ನ ಎರಡು ನಟ್ ಅರ್ಧ ಸುತ್ತು ಸಡಿಲಿಸಿದೆ. ಸ್ಲೈಡ್ 'ಟಕ್' ಅಂತ ಕೆಳಗೆ ಬಿತ್ತು. ಹಿಂದೆ ಯಾರೋ ನಟ್‌ಗಳನ್ನು ಬಿಗಿದೂ ಬಿಗಿದೂ ಫ್ಲೇಂಜನ್ನೇ ಬಗ್ಗಿಸಿದ್ದರು. ನಾನು ತೊಳೆದ ಜೆಟ್‌ಗಳಿಗೂ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳು) ಆ ತೊಂದರೆಗೂ ಸಂಬಂಧವೇ ಇರಲಿಲ್ಲ.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಸ್ಕ್ರೂ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಕಾರ್ಬೊರೇಟರ್‌ನ ಸ್ಕ್ರೂಗಳು ಹೊರಗೆ ಕಾಣುತ್ತವೆ, ಕೈಗೆ ಸುಲಭವಾಗಿ ಸಿಗುತ್ತವೆ. ಅದಕ್ಕೇ ಎಲ್ಲರೂ ಮೊದಲು ಅವನ್ನೇ ತಿರುಗಿಸುತ್ತಾರೆ. ಬೇರೆಲ್ಲೋ ಇರುವ ತಪ್ಪನ್ನು ಸ್ಕ್ರೂನಿಂದ ಮುಚ್ಚಿದರೆ ಈಗ ತಪ್ಪು ಎರಡಾಗುತ್ತದೆ.

ಹಂತ 1: ಲಕ್ಷಣ ನೋಡಿ ಬರೆದಿಟ್ಟುಕೊಳ್ಳಿ

'ಐಡ್ಲಿಂಗ್ ಸರಿ ಇಲ್ಲ' ಅಂದರೆ ಏನೂ ಹೇಳಿದಂತಾಗಲಿಲ್ಲ. ಹೇಗೆ ಸರಿ ಇಲ್ಲ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಗಾಡಿ ಆಫ್ ಆಗುತ್ತದೋ, ಅಥವಾ ಆರ್‌ಪಿಎಂ ಮೇಲೇ ನಿಂತುಬಿಡುತ್ತದೋ?

ನನ್ನ ಅನುಭವದಲ್ಲಿ ಹೆಚ್ಚಿನ ದೂರುಗಳು ಮೂರು ಗುಂಪಿಗೆ ಬರುತ್ತವೆ. ಒಂದು, ಥ್ರಾಟಲ್ ಬಿಟ್ಟರೆ ಗಾಡಿ ಆಫ್ ಆಗುತ್ತದೆ, ಚೋಕ್ ಅರ್ಧ ಎಳೆದರೆ ಮಾತ್ರ ಓಡುತ್ತದೆ. ಇದು ಪೆಟ್ರೋಲ್ ಸಾಲದ, ಅಂದರೆ ಲೀನ್ ಲಕ್ಷಣ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿರುತ್ತದೆ, ಇಲ್ಲವೇ ಎಲ್ಲಿಂದಲೋ ಗಾಳಿ ನುಗ್ಗುತ್ತಿರುತ್ತದೆ. ಎರಡು, ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಆಮೇಲೆ ಗುಡುಗುಡು ಅಂತ ಉಸಿರುಕಟ್ಟಿದ ಹಾಗೆ ನಿಲ್ಲುತ್ತದೆ, ಪ್ಲಗ್ ಮಸಿ ಹಿಡಿದಿರುತ್ತದೆ. ಇದು ಪೆಟ್ರೋಲ್ ಜಾಸ್ತಿಯಾದ ರಿಚ್ ಲಕ್ಷಣ. ಫ್ಲೋಟ್ ಲೆವೆಲ್ (ಕಾರ್ಬೊರೇಟರ್ ಬೌಲ್‌ನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟ), ಪೂರ್ತಿ ಆಫ್ ಆಗದ ಚೋಕ್, ಕಟ್ಟಿದ ಏರ್ ಫಿಲ್ಟರ್ ಕಡೆ ನೋಡಬೇಕು. ಮೂರು, ಪ್ರತಿ ಸಲ ಥ್ರಾಟಲ್ ಬಿಟ್ಟಾಗ ಆರ್‌ಪಿಎಂ ಬೇರೆ ಬೇರೆ ಕಡೆ ಹೋಗಿ ನಿಲ್ಲುತ್ತದೆ. ಒಮ್ಮೆ 900, ಒಮ್ಮೆ 1500. ಈ ಮೂರನೆಯದೇ ನಿಜವಾದ ತಲೆನೋವು. ಸವೆತದ ಅನುಮಾನ ಬರಬೇಕಾದದ್ದು ಇಲ್ಲಿ.

ಹಂತ 2: ಕಾರ್ಬೊರೇಟರ್ ಬಿಟ್ಟು ಉಳಿದದ್ದು

ಐಡ್ಲಿಂಗ್‌ನಲ್ಲಿ ಇಂಜಿನ್ ಬಹಳ ಬಡವ. ಒಳಗೆ ಹೋಗುವ ಗಾಳಿ ಕಡಿಮೆ, ಪೆಟ್ರೋಲ್ ಕಡಿಮೆ, ತಿರುಗುವ ವೇಗವೂ ಕಡಿಮೆ. ಜೋರಾಗಿ ಓಡುವಾಗ ಮುಚ್ಚಿಹೋಗುವ ಸಣ್ಣ ಸಣ್ಣ ತಪ್ಪುಗಳೆಲ್ಲ ಇಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಇಗ್ನಿಷನ್ ಮೊದಲು.

ಹೊಸ ಪ್ಲಗ್ ಹಾಕಿ. ಹಳೆಯದನ್ನು ಉಜ್ಜಿ ಹಾಕಿ ಪರೀಕ್ಷೆ ಮಾಡಬೇಡಿ. ಪಾಯಿಂಟ್ಸ್ (ಪ್ಲಗ್ ಕಿಡಿಗಾಗಿ ಕರೆಂಟ್ ತುಂಡರಿಸುವ ಸ್ವಿಚ್) ಇರುವ ಗಾಡಿಯಾದರೆ ಅವುಗಳ ಮುಖ ನೋಡಿ. ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು ಎದ್ದಿದ್ದರೆ ಬದಲಿಸಿ. ಗ್ಯಾಪ್ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಹಳೆ ಬ್ರಿಟಿಷ್ ಗಾಡಿಗಳ ಲೂಕಾಸ್ ಪಾಯಿಂಟ್ಸ್‌ಗೆ 0.35ರಿಂದ 0.40 ಮಿ.ಮೀ. ಸಾಮಾನ್ಯ. ಕತ್ತಲಲ್ಲಿ ಇಂಜಿನ್ ಓಡಿಸಿ ಪಾಯಿಂಟ್ಸ್ ನಡುವೆ ದೊಡ್ಡ ನೀಲಿ ಕಿಡಿ ಹಾರುತ್ತಿದೆಯಾ ನೋಡಿ. ಹಾರುತ್ತಿದ್ದರೆ ಆ ಕಿಡಿ ತಡೆಯುವ ಕಂಡೆನ್ಸರ್ ಹೋಗಿದೆ.

ಇದಕ್ಕಿಂತ ಜಾಸ್ತಿ ಮೋಸ ಮಾಡುವುದು, ವೇಗ ಏರಿದಂತೆ ಕಿಡಿಯನ್ನು ಬೇಗ ಹೊತ್ತಿಸುವ ಆಟೋ ಅಡ್ವಾನ್ಸ್. ಪಾಯಿಂಟ್ಸ್ ಕ್ಯಾಮ್ ಕೆಳಗೆ ಎರಡು ತೂಕ, ಎರಡು ಪುಟ್ಟ ಸ್ಪ್ರಿಂಗ್ ಇರುತ್ತವಲ್ಲ, ಅದು. ಸ್ಪ್ರಿಂಗ್ ಸಡಿಲವಾದರೆ ಅಥವಾ ತೂಕಗಳು ತುಕ್ಕು ಹಿಡಿದು ಅಂಟಿಕೊಂಡರೆ, ಥ್ರಾಟಲ್ ಬಿಟ್ಟರೂ ಟೈಮಿಂಗ್ ಹಿಂದಕ್ಕೆ ಬರುವುದಿಲ್ಲ. ಆರ್‌ಪಿಎಂ ಮೇಲೇ ತೂಗಾಡುತ್ತದೆ. ಸವೆದ ಸ್ಲೈಡ್‌ನ ಲಕ್ಷಣವೂ ಹೆಚ್ಚು ಕಡಿಮೆ ಇದೇ. ಒಳ್ಳೆಯ ಕಾರ್ಬೊರೇಟರನ್ನು ಸವೆದಿದೆ ಎಂದು ಎಸೆದವರಿದ್ದಾರೆ. ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಡಿ. ತಾನಾಗಿ ಪೂರ್ತಿ ಹಿಂದಕ್ಕೆ ಬರಬೇಕು. ಟೈಮಿಂಗ್ ಲೈಟ್ ಇದ್ದರೆ ಇನ್ನೂ ಒಳ್ಳೆಯದು.

ಟ್ಯಾಪೆಟ್ ಸಂದು (ವಾಲ್ವ್ ಪೂರ್ತಿ ಮುಚ್ಚಲು ಬಿಡುವ ಸಣ್ಣ ಸಡಿಲ) ತಣ್ಣಗಿನ ಇಂಜಿನ್‌ನಲ್ಲಿ ನೋಡಿ. ತೀರಾ ಬಿಗಿಯಿದ್ದರೆ ವಾಲ್ವ್ ಪೂರ್ತಿ ಕೂರದೆ ಬಿಸಿಯಾದ ಮೇಲೆ ಐಡ್ಲಿಂಗ್ ಹಾಳಾಗುತ್ತದೆ. ಕಂಪ್ರೆಷನ್ ತೀರಾ ಕಡಿಮೆಯಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಮೊದಲು ಆ ಕೆಲಸ ಮಾಡಿಸಿ.

ಇನ್ನು ಪೆಟ್ರೋಲ್. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಟ್ಯಾಪ್‌ನಿಂದ ಪೈಪ್ ಬಿಡಿಸಿ ಒಂದು ಬಾಟಲಿಗೆ ಹರಿಸಿ. ಧಾರೆ ಒಂದೇ ಸಮನೆ ಬರಬೇಕು. ಶುರುವಿನಲ್ಲಿ ಚೆನ್ನಾಗಿ ಬಂದು ಆಮೇಲೆ ಸಣ್ಣದಾದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. 'ಉಸ್' ಅಂತ ಗಾಳಿ ಒಳಗೆ ಹೋಗಿ ಧಾರೆ ಸರಿಯಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅಷ್ಟೇ ವಿಷಯ.

ಕೇಬಲ್ ಮರೆಯಬೇಡಿ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಥ್ರಾಟಲ್ ಮುಚ್ಚಿದಾಗ ಕೇಬಲ್‌ನಲ್ಲಿ 1ರಿಂದ 2 ಮಿ.ಮೀ. ಆಟ ಇರಲೇಬೇಕು. ಆಟ ಇಲ್ಲದಿದ್ದರೆ ಸ್ಲೈಡ್ ಕೂತಿರುವುದು ಐಡ್ಲಿಂಗ್ ವೇಗ ಇಡುವ ಸ್ಟಾಪ್ ಸ್ಕ್ರೂ ಮೇಲಲ್ಲ, ಅದು ಕೇಬಲ್‌ಗೆ ನೇತಾಡುತ್ತಿದೆ. ಆಗ ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ನೆ.

ಹಂತ 3: ಕಳ್ಳ ಗಾಳಿ

ಕಾರ್ಬೊರೇಟರ್ ಮತ್ತು ಇಂಜಿನ್ ನಡುವೆ ಎಲ್ಲಿ ಸಂದು ಇದ್ದರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಥ್ರಾಟಲ್ ಮುಚ್ಚಿದಾಗಲೇ ಅಲ್ಲಿ ಇಂಜಿನ್‌ನ ಎಳೆತ (ವ್ಯಾಕ್ಯೂಮ್) ಜಾಸ್ತಿ. ಹಾಗಾಗಿ ಇದರ ಪರಿಣಾಮ ಜಾಸ್ತಿ ಕಾಣುವುದೂ ಐಡ್ಲಿಂಗ್‌ನಲ್ಲೇ.

ಪತ್ತೆ ಮಾಡಲು ಕೆಲವರು ಬ್ರೇಕ್ ಕ್ಲೀನರ್ ಅಥವಾ ಪೆಟ್ರೋಲನ್ನೇ ಜೋಡಣೆಗಳ ಮೇಲೆ ಸಿಂಪಡಿಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ, ಪಾಯಿಂಟ್ಸ್ ಕಿಡಿಯ ಹತ್ತಿರ ಅದು ಬೆಂಕಿಯ ಜೊತೆ ಸರಸ. ನಾನು ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ಹಾಕಿ ಸಣ್ಣಗೆ ಸಿಂಪಡಿಸುತ್ತೇನೆ. ಕಾರ್ಬೊರೇಟರ್ ಬಾಯಿಗೂ ಪ್ಲಗ್‌ಗೂ ಬೀಳದಂತೆ ನೋಡಿಕೊಳ್ಳಿ. ಸಂದು ಇದ್ದ ಕಡೆ ನೀರು ಒಂದು ಕ್ಷಣ ಅದನ್ನು ಮುಚ್ಚುತ್ತದೆ, ಇಂಜಿನ್ ಸದ್ದು ಬದಲಾಗುತ್ತದೆ. ಫ್ಲೇಂಜ್, ಇನ್ಸುಲೇಟರ್ ತುಂಡು, ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಜಾಗ, ರಬ್ಬರ್ ಇದ್ದರೆ ಅದರ ಅಡಿಭಾಗ, ಎಲ್ಲ ನೋಡಿ. ರಬ್ಬರ್ ಮೇಲಿಂದ ಚೆನ್ನಾಗಿ ಕಾಣುತ್ತದೆ, ಬಿರುಕು ಕೆಳಗೇ ಇರುತ್ತದೆ. ತೆಗೆದು ಮಡಚಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಫ್ಲೇಂಜ್ ಬಗ್ಗಿರುವುದನ್ನು ನೋಡಲು ಸ್ಟೀಲ್ ಸ್ಕೇಲ್ ಸಾಕು. ಅಂಚನ್ನು ಫ್ಲೇಂಜ್ ಮೇಲೆ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಬಗ್ಗಿದೆ. ದಪ್ಪ ಗಾಜಿನ ಮೇಲೆ 320 ನಂಬರಿನ ವಾಟರ್ ಪೇಪರ್ ಇಟ್ಟು, ಎಂಟರ ಆಕಾರದಲ್ಲಿ ನಿಧಾನಕ್ಕೆ ಉಜ್ಜಿ ಸಮ ಮಾಡಬಹುದು. ಓ-ರಿಂಗ್ ಇರುವ ಫ್ಲೇಂಜ್ ಆದರೆ ಓ-ರಿಂಗ್ ಕೂರುವ ತೋಡಿನ ಆಳ ಉಳಿಯುವಂತೆ ನೋಡಿಕೊಳ್ಳಿ. ಕೂರಿಸುವಾಗ ಹೊಸ ಓ-ರಿಂಗ್ ಹಾಕಿ, ಲಾಕ್ ನಟ್ ಬಳಸಿ, ಓ-ರಿಂಗ್ ಒತ್ತಿಕೊಳ್ಳುವಷ್ಟು ಮಾತ್ರ ಬಿಗಿಯಿರಿ. ಬಿಗಿದ ಮೇಲೆ ಸ್ಲೈಡ್ ಎತ್ತಿ ಬಿಟ್ಟು ನೋಡಿ. ನನ್ನ ಎರಡು ವಾರ ಹೋಗಿದ್ದು ಈ ಒಂದು ಪರೀಕ್ಷೆ ಮಾಡದೆ.

ಟೂ-ಸ್ಟ್ರೋಕ್ ಗಾಡಿಗಳಲ್ಲಿ ಇನ್ನೊಂದು ದಾರಿಯಿದೆ. ಕ್ರ್ಯಾಂಕ್‌ಶಾಫ್ಟ್‌ನ ಆಯಿಲ್ ಸೀಲ್ ಗಟ್ಟಿಯಾಗಿ ಹೋದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಪಾಯಿಂಟ್ಸ್ ಕಡೆಯ ಸೀಲ್ ಹೋದರೆ ಲೀನ್ ಆಗಿ ಐಡ್ಲಿಂಗ್ ಓಡಿಹೋಗುತ್ತದೆ. ಗೇರ್‌ಬಾಕ್ಸ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಬಂದು ಬಿಳಿ ಹೊಗೆ ಕಾರುತ್ತದೆ, ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಸವೆದ ಇನ್ಲೆಟ್ ವಾಲ್ವ್ ಗೈಡ್ ಕೂಡ ಇದೇ ಕಿತಾಪತಿ ಮಾಡುತ್ತದೆ.

ಹಂತ 4: ಒಳಗೆ ಏನು ನಡೆಯುತ್ತದೆ

ಬಿಚ್ಚುವ ಮೊದಲು ಇದಿಷ್ಟು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಆಮಲ್, ಮಿಕುನಿ ವಿಎಂ, ಬುಲೆಟ್‌ಗೆ ಬಂದ ಮಿಕ್‌ಕಾರ್ಬ್, ಜಾವಾದ ಜಿಕೋವ್, ಎಲ್ಲವೂ ಸ್ಲೈಡ್ ಕಾರ್ಬೊರೇಟರ್‌ಗಳೇ. ಒಂದು ಡಬ್ಬಿಯಂಥ ಸ್ಲೈಡ್ ಮೇಲೆ ಕೆಳಗೆ ಆಡುತ್ತದೆ, ಅದರ ನಡುವೆ ನೀಡಲ್ ನೇತಾಡುತ್ತದೆ.

ಐಡ್ಲಿಂಗ್‌ನಲ್ಲಿ ಸ್ಲೈಡ್ ಹೆಚ್ಚು ಕಡಿಮೆ ಪೂರ್ತಿ ಕೆಳಗಿರುತ್ತದೆ. ಅದರ ಅಡಿಯಲ್ಲಿ ಒಂದು ಸಣ್ಣ ಸೀಳು ಮಾತ್ರ ತೆರೆದಿರುತ್ತದೆ. ಆಗ ಮೈನ್ ಜೆಟ್‌ಗೆ ಕೆಲಸವಿಲ್ಲ. ಪೆಟ್ರೋಲ್ ಬರುವುದು ಪೈಲಟ್ ಜೆಟ್ ಮೂಲಕ. ಆ ಪೆಟ್ರೋಲ್ ಸ್ವಲ್ಪ ಗಾಳಿಯ ಜೊತೆ ಸೇರಿ, ಸ್ಲೈಡ್‌ನ ಇಂಜಿನ್ ಕಡೆಗಿರುವ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಹೊರಬರುತ್ತದೆ. ಪಕ್ಕದಲ್ಲೇ ಇನ್ನೊಂದು ತೂತು. ಥ್ರಾಟಲ್ ಚೂರು ತೆರೆದ ಕೂಡಲೇ ಅದೂ ಪೆಟ್ರೋಲ್ ಕೊಡಲು ಶುರು ಮಾಡುತ್ತದೆ.

ಹೊರಗಿರುವ ಎರಡು ಸ್ಕ್ರೂಗಳಲ್ಲಿ ಒಂದು ಸ್ಟಾಪ್ ಸ್ಕ್ರೂ. ಅದು ಸ್ಲೈಡನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಇನ್ನೊಂದು ಮಿಕ್ಸ್ಚರ್ ಸ್ಕ್ರೂ. ಇದರಲ್ಲಿ ಎರಡು ಜಾತಿ. ಸ್ಕ್ರೂ ಸ್ಲೈಡ್‌ಗಿಂತ ಏರ್ ಫಿಲ್ಟರ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಏರ್ ಸ್ಕ್ರೂ, ಗಾಳಿಯನ್ನು ಅಳೆಯುತ್ತದೆ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆ, ಅಂದರೆ ರಿಚ್. ಇಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಮಿಶ್ರಣವನ್ನೇ ಅಳೆಯುತ್ತದೆ. ಒಳಗೆ ತಿರುಗಿಸಿದರೆ ಲೀನ್. ಆಮಲ್ ಮತ್ತು ಮಿಕುನಿ ವಿಎಂ ಮೊದಲ ಜಾತಿ. ಹಳೆ ಜಪಾನೀ ನಾಲ್ಕು ಸಿಲಿಂಡರ್ ಗಾಡಿಗಳ ಸಿವಿ ಕಾರ್ಬೊರೇಟರ್‌ಗಳಲ್ಲಿ (ಸ್ಲೈಡ್ ಕೇಬಲ್‌ನಿಂದಲ್ಲ, ಇಂಜಿನ್‌ನ ಎಳೆತದಿಂದ ಏಳುವಂಥವು) ಹೆಚ್ಚಾಗಿ ಎರಡನೆಯದು. ಇದು ಗೊತ್ತಿಲ್ಲದೆ ತಿರುಗಿಸುವವರು ಬಹಳ ಮಂದಿ.

ಹಂತ 5: ಬಿಚ್ಚಿ ತೊಳೆಯುವುದು

ಬಯಲಲ್ಲಿ ಕೆಲಸ ಮಾಡಿ. ಹತ್ತಿರ ಬೆಂಕಿ, ಸಿಗರೇಟ್ ಬೇಡ. ಬಿಚ್ಚುವ ಮುಂಚೆ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಎಣಿಸಿ ಬರೆದಿಡಿ. ಕೂತ ಮೇಲೆ ಬಿಗಿಯಬೇಡಿ. ಸ್ಕ್ರೂನ ಚೂಪು ತುದಿಯಲ್ಲಿ ಉಂಗುರದಂಥ ಗುರುತು ಬಿದ್ದರೆ ಆ ಸ್ಕ್ರೂ ಇನ್ನು ಸರಿಯಾಗಿ ಅಳೆಯುವುದಿಲ್ಲ.

ಬೌಲ್ ತೆಗೆದಾಗ ತಳದಲ್ಲಿ ಏನಿದೆ ನೋಡಿ. ಕಂದು ಪುಡಿಯಿದ್ದರೆ ಟ್ಯಾಂಕ್‌ನ ತುಕ್ಕು. ಬಿಳಿ ಹುಡಿಯಿದ್ದರೆ ನೀರು ನಿಂತು ಲೋಹ ತಿಂದಿದೆ. ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ನಿಂತ ಗಾಡಿಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಹಳೆ ರಬ್ಬರ್ ಭಾಗಗಳನ್ನೂ ಅದು ಊದಿಸುತ್ತದೆ. ಹಿತ್ತಾಳೆ ಫ್ಲೋಟ್ ಇದ್ದರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಫ್ಲೋಟ್ ನೀಡಲ್‌ನ ತುದಿಯಲ್ಲಿ ಮೆಟ್ಟಿಲಿನಂಥ ಗುರುತಿದ್ದರೆ ಬದಲಿಸಿ. ಫ್ಲೋಟ್ ಎತ್ತರ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಇಡಿ. ಲೆವೆಲ್ ಸ್ವಲ್ಪ ಏರಿದರೂ ಪೈಲಟ್ ರಿಚ್ ಆಗುತ್ತದೆ.

ಪೈಲಟ್ ಜೆಟ್ ಬಿಚ್ಚಿಕೊಳ್ಳುವಂಥದ್ದಾದರೆ ತೆಗೆದು ಬೆಳಕಿಗೆ ಹಿಡಿಯಿರಿ. ಪೂರ್ತಿ ದುಂಡಗಿನ ಚುಕ್ಕೆ ಕಾಣಬೇಕು. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿ. ಗಟ್ಟಿ ತಂತಿ ತುರುಕಬೇಡಿ, ಜೆಟ್ ಮೆತ್ತನೆ ಹಿತ್ತಾಳೆ, ತೂತು ದೊಡ್ಡದಾಗುತ್ತದೆ. ಆಮೇಲೆ ಜೆಟ್ ಮೇಲಿನ ನಂಬರಿಗೆ ಅರ್ಥವೇ ಉಳಿಯುವುದಿಲ್ಲ.

1967ರಲ್ಲಿ ಬಂದ ಆಮಲ್ ಕಾನ್ಸೆಂಟ್ರಿಕ್‌ನಲ್ಲಿ ಒಂದು ಕಿರಿಕಿರಿ ಇದೆ. ಹೆಚ್ಚಿನ ಫೋರ್-ಸ್ಟ್ರೋಕ್ ಮಾದರಿಗಳಲ್ಲಿ ಪೈಲಟ್ ಜೆಟ್ ಬಾಡಿಯ ಒಳಗೇ ಒತ್ತಿ ಕೂರಿಸಿರುತ್ತದೆ, ಹೊರಗೆ ಬರುವುದಿಲ್ಲ. ಕಾಣುವುದೂ ಇಲ್ಲ. ಎಷ್ಟೋ ಜನ ಅದಿದೆ ಎಂದೇ ತಿಳಿಯದೆ ಉಳಿದದ್ದನ್ನೆಲ್ಲ ತೊಳೆದು 'ಕ್ಲೀನ್ ಆಯ್ತು' ಅನ್ನುತ್ತಾರೆ. ಏರ್ ಸ್ಕ್ರೂ ತೆಗೆದರೆ ಆ ತೂತಿನ ನೇರಕ್ಕೆ ಒಳಗಡೆ ಇರುತ್ತದೆ. ಅದರ ಅಳತೆ 0.016 ಇಂಚು, ಅಂದರೆ ಸುಮಾರು 0.4 ಮಿ.ಮೀ. 78ನೇ ನಂಬರಿನ ಡ್ರಿಲ್ ಬಿಟ್ ಸರಿಯಾಗಿ ಇದೇ ಅಳತೆ. ಬಿಟ್ಟನ್ನು ಒಂದು ಸಣ್ಣ ಕೊಳವೆಯ ತುದಿಗೆ ಅಂಟಿಸಿ, ಬೆರಳಲ್ಲಿ ಮಾತ್ರ ಮೆಲ್ಲಗೆ ತಿರುಗಿಸುತ್ತ ಒಳಗೆ ಬಿಡಬೇಕು. ಮೆಷಿನ್ ಹಾಕಬೇಡಿ. ಬಿಟ್ ಒಳಗೆ ಮುರಿದರೆ ಬಾಡಿ ಹೋದ ಹಾಗೇ. ಆಮೇಲೆ ಏರ್ ಸ್ಕ್ರೂ ತೂತಿನಿಂದ ಸ್ಪ್ರೇ ಹೊಡೆದರೆ ಸ್ಲೈಡ್ ಅಡಿಯ ಎರಡೂ ಸಣ್ಣ ತೂತುಗಳಿಂದ ಚಿಲುಮೆಯಂತೆ ಬರಬೇಕು. ಹೀಗೆ ಸ್ಪ್ರೇ ಹೊಡೆದು ನೋಡುವುದು ಯಾವ ಕಾರ್ಬೊರೇಟರ್‌ಗಾದರೂ ಆಗುತ್ತದೆ. ಕನ್ನಡಕ ಹಾಕಿಕೊಳ್ಳಿ, ಸ್ಪ್ರೇ ಯಾವ ತೂತಿನಿಂದ ಕಣ್ಣಿಗೆ ಹಾರುತ್ತದೋ ಹೇಳಲಾಗದು.

ಹಂತ 6: ಸವೆದಿದೆಯಾ?

ಮೇಲಿನದೆಲ್ಲ ಮುಗಿದ ಮೇಲೂ ಐಡ್ಲಿಂಗ್ ಅಲೆದಾಡುತ್ತಿದ್ದರೆ ಈಗ ಸವೆತದ ಬಗ್ಗೆ ಯೋಚಿಸಬಹುದು.

ಮೊದಲು ಯಾಕೆ ಸವೆಯುತ್ತದೆ ನೋಡಿ. ಇಂಜಿನ್ ಪ್ರತಿ ಸಲ ಗಾಳಿ ಎಳೆದಾಗ ಸ್ಲೈಡನ್ನೂ ತನ್ನ ಕಡೆಗೆ ಎಳೆಯುತ್ತದೆ, ಮತ್ತೆ ಬಿಡುತ್ತದೆ. ಸಿಂಗಲ್ ಸಿಲಿಂಡರ್ ಫೋರ್-ಸ್ಟ್ರೋಕ್ 1000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ನಿಮಿಷಕ್ಕೆ 500 ಸಲ. ಹಳೆ ಆಮಲ್‌ಗಳಲ್ಲಿ ಬಾಡಿಯೂ ಸ್ಲೈಡೂ ಎರಡೂ ಒಂದೇ ಬಗೆಯ ಮೆತ್ತನೆ ಸತು ಮಿಶ್ರಲೋಹ. ಒಂದೇ ಲೋಹ ಅದೇ ಲೋಹದ ಮೇಲೆ ಉಜ್ಜಿದರೆ ಎರಡೂ ಬೇಗ ತಿನ್ನಿಸಿಕೊಳ್ಳುತ್ತವೆ. ಏರ್ ಫಿಲ್ಟರ್ ಇಲ್ಲದೆ ಓಡಿಸಿದ ಗಾಡಿಯಾದರೆ ಧೂಳು ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಸುಮ್ಮನೆ ಚೆಂದಕ್ಕೆ ಫಿಲ್ಟರ್ ಕಿತ್ತು ಬಾಯಿ ತೆರೆದು ಓಡಿಸುವವರಿಗೆ ನಾನು ಹೇಳುವುದು ಇಷ್ಟೇ: ಆ ಚೆಂದದ ಬೆಲೆ ಒಂದು ಕಾರ್ಬೊರೇಟರ್.

ಸವೆದಾಗ ಏನಾಗುತ್ತದೆ? ಸ್ಲೈಡ್ ಸುತ್ತಲಿನ ಸಂದಿನಿಂದ ಗಾಳಿ ಸೋರಿ ಇಂಜಿನ್ ಸೇರುತ್ತದೆ. ಈ ಗಾಳಿಯ ಜೊತೆ ಪೆಟ್ರೋಲ್ ಇಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ತೆರೆದಿರುವ ಸೀಳೇ ಅಷ್ಟು ಸಣ್ಣದು, ಅದರ ಮುಂದೆ ಈ ಸೋರಿಕೆ ದೊಡ್ಡದೇ. ಅದಕ್ಕಿಂತ ಕೆಟ್ಟದ್ದು, ಸ್ಲೈಡ್ ಪ್ರತಿ ಸಲ ಒಂದೇ ಕಡೆ ಕೂರುವುದಿಲ್ಲ. ಒಮ್ಮೆ ಸ್ವಲ್ಪ ವಾಲಿ, ಒಮ್ಮೆ ನೆಟ್ಟಗೆ. ಸೋರಿಕೆ ಪ್ರತಿ ಸಲ ಬೇರೆ. ಹೀಗಾಗಿ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

ಈಗ ಪರೀಕ್ಷೆಗಳು. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ಕಾರ್ಬೊರೇಟರ್ ಬಾಡಿಗೆ ಮೆಲ್ಲಗೆ ತಟ್ಟಿ. ಆರ್‌ಪಿಎಂ ಬದಲಾಗಿ ಹೊಸ ಜಾಗದಲ್ಲಿ ನಿಂತರೆ ಸ್ಲೈಡ್ ಸಡಿಲ. ಕಿವಿಗೊಟ್ಟು ಕೇಳಿ. ಸವೆದ ಸ್ಲೈಡ್ ಐಡ್ಲಿಂಗ್‌ನಲ್ಲಿ ಟಕಟಕ ಅನ್ನುತ್ತದೆ. ಟ್ಯಾಪೆಟ್ ಸದ್ದೆಂದು ತಪ್ಪು ತಿಳಿಯುವುದು ಸುಲಭ. ಥ್ರಾಟಲ್ ಚೂರು ತೆರೆದರೆ ಸದ್ದು ಬದಲಾಗುತ್ತದಾ ನೋಡಿ.

ಇಂಜಿನ್ ನಿಲ್ಲಿಸಿ, ಫಿಲ್ಟರ್ ತೆಗೆದು, ಬಾಯಿಯೊಳಗೆ ಬೆರಳು ಹಾಕಿ ಸ್ಲೈಡನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹೊಸದರಲ್ಲೂ ಚೂರು ಆಟ ಇರುತ್ತದೆ, ಇಲ್ಲದಿದ್ದರೆ ಬಿಸಿಯಾದಾಗ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೇ ಕಾಣುವಷ್ಟು ಆಡಿ 'ಕಟಕ್' ಅಂದರೆ ಜಾಸ್ತಿಯಾಯ್ತು.

ಸರಿಯಾಗಿ ಅಳೆಯಬೇಕೆಂದರೆ ಬಿಚ್ಚಲೇಬೇಕು. ನನ್ನ ಇಷ್ಟದ ವಿಧಾನ ಹೋಲಿಕೆ. ಸ್ಲೈಡನ್ನು ಪೂರ್ತಿ ಮೇಲೆತ್ತಿ, ಬಾಡಿಯ ಮೇಲ್ಭಾಗದಲ್ಲಿ ಫೀಲರ್ ಗೇಜ್‌ನಿಂದ ಸಂದು ಅಳೆಯಿರಿ. ಅಲ್ಲಿ ಉಜ್ಜಾಟ ಕಡಿಮೆ. ಆಮೇಲೆ ಸ್ಲೈಡ್ ಕೆಳಗಿಳಿಸಿ, ಐಡ್ಲಿಂಗ್ ಜಾಗದಲ್ಲಿ ಅಳೆಯಿರಿ. ಕೆಳಗೆ ದಪ್ಪ ಬ್ಲೇಡ್ ಹೋಗುತ್ತಿದ್ದರೆ ಬಾಡಿ ಸವೆದಿದೆ. ಎರಡೂ ಕಡೆ ಒಂದೇ ಸಮ ಸಡಿಲವಿದ್ದರೆ ಸವೆತ ಹೆಚ್ಚಾಗಿ ಸ್ಲೈಡ್‌ನದು. ಮೈಕ್ರೋಮೀಟರ್ ಇದ್ದರೆ ಸ್ಲೈಡನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ: ಇಂಜಿನ್-ಫಿಲ್ಟರ್ ದಿಕ್ಕು, ಮತ್ತೆ ಅಡ್ಡಕ್ಕೆ. ಎರಡು ಅಳತೆ ಬೇರೆಯಾದರೆ ಸ್ಲೈಡ್ ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ಸವೆದಿದೆ.

ಕಣ್ಣಲ್ಲೇ ಗೊತ್ತಾಗುವ ಗುರುತುಗಳೂ ಇವೆ. ಸ್ಲೈಡ್‌ನ ಇಂಜಿನ್ ಕಡೆಯ ಮುಖ ಹೊಳೆಯುತ್ತಿದ್ದು, ಉದ್ದಕ್ಕೆ ಗೆರೆಗಳಿದ್ದರೆ ಅದು ಉಜ್ಜಿದ ಜಾಗ. ಸ್ಟಾಪ್ ಸ್ಕ್ರೂ ತುದಿ ತಾಗುವ ಇಳಿಜಾರಿನಲ್ಲಿ ಗುಳಿ ಬಿದ್ದಿದೆಯಾ ನೋಡಿ. ಗುಳಿ ಇದ್ದರೆ ಸ್ಕ್ರೂ ತಿರುಗಿಸಿದರೂ ಸ್ವಲ್ಪ ದೂರ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಹಾರುತ್ತದೆ.

ನೀಡಲ್ ಮತ್ತು ನೀಡಲ್ ಜೆಟ್ ಬೇರೆ ಕಥೆ. ಇವು ಸವೆದರೆ ರಿಚ್ ಆಗುತ್ತದೆ, ಅದೂ ಕಾಲು ಭಾಗದಿಂದ ಮುಕ್ಕಾಲು ಥ್ರಾಟಲ್ ನಡುವೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮಧ್ಯದ ಓಟ ಭಾರ ಅನಿಸುತ್ತದೆ. ನೀಡಲ್ ಸುತ್ತಲಿನ ಉಂಗುರದಂಥ ಸಂದಿನಿಂದಲೇ ಪೆಟ್ರೋಲ್ ಬರುವುದರಿಂದ, ಅಲ್ಲಿ ಒಂದು ಸಾವಿರಾಂಶ ಇಂಚು ಸವೆದರೂ ದೊಡ್ಡ ವ್ಯತ್ಯಾಸ. ಜೆಟ್ ತೂತು ದುಂಡಗಿಲ್ಲದೆ ಒಂದು ಕಡೆಗೆ ಎಳೆದಂತಿದ್ದರೆ, ಅಥವಾ ನೀಡಲ್ ಮೇಲೆ ಬೆರಳಾಡಿಸಿದಾಗ ಮೆಟ್ಟಿಲು ಸಿಕ್ಕಿದರೆ, ಎರಡನ್ನೂ ಜೋಡಿಯಾಗಿ ಬದಲಿಸಿ. ಹೊಸ ನೀಡಲ್‌ನ ಕ್ಲಿಪ್ ಹಳೆಯದರಲ್ಲಿದ್ದ ತೋಡಿನಲ್ಲೇ ಹಾಕಬೇಕೆಂದಿಲ್ಲ. ಯಾರೋ ಸವೆತ ಮುಚ್ಚಲು ಅದನ್ನು ಇಳಿಸಿರಬಹುದು. ಮ್ಯಾನ್ಯುಯಲ್‌ನ ಸ್ಥಾನದಿಂದ ಶುರು ಮಾಡಿ.

ಸಿವಿ ಕಾರ್ಬೊರೇಟರ್ ಆದರೆ ಸವೆಯುವುದು ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಬಟರ್‌ಫ್ಲೈ ಶಾಫ್ಟ್. ಶಾಫ್ಟ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಐಡ್ಲಿಂಗ್‌ನಲ್ಲಿ ಅಲ್ಲಿಗೆ ಒಂದು ಹನಿ ಆಯಿಲ್ ಬಿಟ್ಟಾಗ ಆರ್‌ಪಿಎಂ ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಕೆಲವದರಲ್ಲಿ ಸೀಲ್ ಬದಲಿಸಿದರೆ ಸಾಕು, ಕೆಲವದಕ್ಕೆ ಬುಷ್ ಹಾಕಿಸಬೇಕು.

ಹಂತ 7: ಸವೆದ ಕಾರ್ಬೊರೇಟರ್‌ಗೆ ಏನು ಮಾಡಬಹುದು

ಬರೀ ಸ್ಲೈಡ್ ಸವೆದಿದ್ದರೆ ಹೊಸ ಸ್ಲೈಡ್. ಕೊಳ್ಳುವಾಗ ಕಟ್‌ಅವೇ ನಂಬರ್ ಅದೇ ಇರಲಿ. ಆಮಲ್‌ನಲ್ಲಿ 3 ಅಂದರೆ ಮುಂದಿನ ಅಂಚು ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ ಕತ್ತರಿಸಿದೆ ಅಂತ. ಮಿಕುನಿಯಲ್ಲಿ ನಂಬರ್ ಮಿಲಿಮೀಟರ್ ಲೆಕ್ಕ. ಆಮಲ್‌ಗೆ ಈಗ ಗಟ್ಟಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಸ್ಲೈಡ್ ಸಿಗುತ್ತದೆ. ಬಾಡಿಯ ಲೋಹ ಬೇರೆ, ಸ್ಲೈಡ್‌ನ ಮೈ ಬೇರೆ ಆಗುವುದರಿಂದ ಸವೆತ ಬಹಳ ಕಡಿಮೆ.

ಬಾಡಿಯೂ ಸವೆದಿದ್ದರೆ ಹೊಸ ಸ್ಲೈಡ್ ಅರ್ಧ ಪರಿಹಾರ ಮಾತ್ರ. ಆಗ ಎರಡು ದಾರಿ. ಒಂದು ಸ್ಲೀವ್ ಹಾಕಿಸುವುದು. ಬಾಡಿಯನ್ನು ದುಂಡಗೆ ಕೊರೆದು ಕೊಳವೆಯಂಥ ತುಂಡು ಕೂರಿಸುತ್ತಾರೆ, ಅಥವಾ ಬಾಡಿ ಕೊರೆದು ಸ್ಲೈಡ್ ಮೇಲೆ ಹಿತ್ತಾಳೆ ಹೊದಿಸಿ ಹೊಸ ಅಳತೆಗೆ ತರುತ್ತಾರೆ. ಕೈ ಪಳಗಿದವರು ಮಾಡಿದರೆ ಅದ್ಭುತ. ಕೊರೆತ ಚೂರು ವಾಲಿದರೂ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ಥ್ರಾಟಲ್ ತೆರೆದೇ ಉಳಿದರೆ ಜೀವಕ್ಕೇ ಅಪಾಯ. ಹಾಗಾಗಿ ಇದನ್ನೇ ದಿನಾ ಮಾಡುವವರ ಕೈಗೆ ಮಾತ್ರ ಕೊಡಿ. ಇನ್ನೊಂದು ದಾರಿ ಹೊಸ ಕಾರ್ಬೊರೇಟರ್. ಗಾಡಿಯ ಮೂಲ ರೂಪ ಕಾಪಾಡಲೇಬೇಕು ಎನ್ನುವವರಿಗೆ ಸ್ಲೀವ್. ದಿನಾ ಓಡಿಸುವವರಿಗೆ ನನ್ನ ಓಟು ಹೊಸದಕ್ಕೆ. ಹಳೆಯದನ್ನು ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಅಗ್ಗದ ನಕಲಿ ರಿಪೇರ್ ಕಿಟ್ ಬಗ್ಗೆ ಒಂದು ಮಾತು. ಜೆಟ್ ಮೇಲೆ ನಂಬರ್ ಸರಿಯಿರುತ್ತದೆ, ತೂತು ಇರುವುದಿಲ್ಲ. ನಿಮ್ಮ ಹಳೆ ಅಸಲಿ ಜೆಟ್ ಕಟ್ಟಿರುವುದಷ್ಟೇ ಆದರೆ ಅದನ್ನೇ ತೊಳೆದು ಹಾಕಿ.

ಹಂತ 8: ಈಗ ಸ್ಕ್ರೂ ಮುಟ್ಟಬಹುದು

ಹತ್ತು ನಿಮಿಷ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿ ಮಾಡಿ. ನಿಲ್ಲಿಸಿ ಬಿಸಿ ಮಾಡಿದರೆ ಸಾಲದು. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಓಡಿಸಬೇಡಿ, ಆ ಹೊಗೆ ಕೊಲ್ಲುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್ ಆದ್ದರಿಂದ ಮುಂದೆ ಒಂದು ಫ್ಯಾನ್ ಇಡಿ. ಮೂರ್ನಾಲ್ಕು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಗಾಡಿ ನಿಂತಲ್ಲೇ ಇಂಜಿನ್ ಓಡಿಸಬೇಡಿ. ಕೆಲಸ ಮುಗಿಯದಿದ್ದರೆ ಮತ್ತೊಂದು ಸುತ್ತು ಹೋಗಿ ಬನ್ನಿ.

ಏರ್ ಸ್ಕ್ರೂ ಮೆಲ್ಲಗೆ ಕೂರುವ ತನಕ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಸ್ಟಾಪ್ ಸ್ಕ್ರೂನಿಂದ ಐಡ್ಲಿಂಗ್ ಸ್ವಲ್ಪ ಜೋರಾಗಿಯೇ ಇಡಿ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಐದಾರು ಸೆಕೆಂಡ್ ಕಾಯಿರಿ. ಮತ್ತೆ ಕಾಲು ಸುತ್ತು. ಇಂಜಿನ್ ಗುಡುಗುಟ್ಟಲು ಶುರುವಾದಾಗ ನಿಲ್ಲಿಸಿ, ಹೊರಕ್ಕೆ ಬನ್ನಿ. ಆರ್‌ಪಿಎಂ ಏರುತ್ತ ಹೋಗಿ ಒಂದು ಕಡೆ ಗರಿಷ್ಠ ಮುಟ್ಟಿ ಮತ್ತೆ ಇಳಿಯುತ್ತದೆ. ಆ ಗರಿಷ್ಠದ ಜಾಗವೇ ಬೇಕಾದ್ದು. ಈಗ ಸ್ಟಾಪ್ ಸ್ಕ್ರೂ ಸಡಿಲಿಸಿ ಆರ್‌ಪಿಎಂ ಇಳಿಸಿ, ಮತ್ತೊಮ್ಮೆ ಏರ್ ಸ್ಕ್ರೂ ಎರಡೂ ಕಡೆ ಆಡಿಸಿ ನೋಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಸುಮಾರು 900ರಿಂದ 1000 ಆರ್‌ಪಿಎಂನಲ್ಲಿ ಒಂದೇ ತಾಳದಲ್ಲಿ ನಿಲ್ಲುತ್ತದೆ. ಹಳೆ ಗಾಡಿಯನ್ನು ತೀರಾ ನಿಧಾನ ಬಡಿಯುವಂತೆ ಇಡುವುದು ಕಿವಿಗೆ ಇಂಪು, ಆದರೆ ಆಯಿಲ್ ಪಂಪಿಗೂ ಡೈನಮೋಗೂ ಕಷ್ಟ.

ಸ್ಕ್ರೂ ಎಲ್ಲಿ ನಿಂತಿತು ಎನ್ನುವುದು ಬಹಳ ಹೇಳುತ್ತದೆ. ಏರ್ ಸ್ಕ್ರೂ ಅರ್ಧ ಸುತ್ತಿಗಿಂತ ಒಳಗೆ ಹೋದಾಗ ಮಾತ್ರ ಚೆನ್ನಾಗಿ ಓಡಿದರೆ ಇಂಜಿನ್ ಇನ್ನೂ ಪೆಟ್ರೋಲ್ ಕೇಳುತ್ತಿದೆ. ಪೈಲಟ್ ಕಟ್ಟಿದೆ ಅಥವಾ ಗಾಳಿ ಸೋರುತ್ತಿದೆ. ಮೂರು ಸುತ್ತು ಹೊರಗೆ ಬಂದರೂ ಏರುತ್ತಲೇ ಇದ್ದರೆ ಪೆಟ್ರೋಲ್ ಜಾಸ್ತಿ, ಫ್ಲೋಟ್ ಲೆವೆಲ್ ಮತ್ತು ಚೋಕ್ ನೋಡಿ. ಸ್ಕ್ರೂ ಎತ್ತ ತಿರುಗಿಸಿದರೂ ಇಂಜಿನ್‌ಗೆ ಗೊತ್ತೇ ಆಗದಿದ್ದರೆ ಪೈಲಟ್ ದಾರಿಯೇ ಕೆಲಸ ಮಾಡುತ್ತಿಲ್ಲ. ಆಗ ಸ್ಟಾಪ್ ಸ್ಕ್ರೂನಿಂದ ಸ್ಲೈಡ್ ಜಾಸ್ತಿ ಎತ್ತಿಟ್ಟು ಇಂಜಿನ್ ಬದುಕಿಸಿಟ್ಟಿದ್ದೀರಿ ಅಷ್ಟೇ. ಮತ್ತೆ ಹಂತ 5ಕ್ಕೆ ಹೋಗಿ.

ಎರಡು ಕಾರ್ಬೊರೇಟರ್ ಇದ್ದರೆ ಮೊದಲು ಎರಡೂ ಸ್ಲೈಡ್ ಒಂದೇ ಕ್ಷಣಕ್ಕೆ ಎದ್ದೇಳುವಂತೆ ಕೇಬಲ್ ಸರಿಮಾಡಿ. ಎರಡರ ಬಾಯಿಗೂ ಒಂದೊಂದು ಬೆರಳಿಟ್ಟು ಥ್ರಾಟಲ್ ಮೆಲ್ಲಗೆ ಮುಚ್ಚಿದರೆ ಸ್ಲೈಡ್ ಕೂರುವುದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಒಂದೊಂದೇ ಸಿಲಿಂಡರ್ ಸೆಟ್ ಮಾಡಿ. ಎರಡೂ ಕೂಡಿ ಓಡಿದಾಗ ಐಡ್ಲಿಂಗ್ ಏರುತ್ತದೆ, ಎರಡೂ ಸ್ಟಾಪ್ ಸ್ಕ್ರೂಗಳನ್ನು ಸಮವಾಗಿ ಇಳಿಸಿ.

ಮುಗಿದ ಮೇಲೆ ಐದಾರು ಕಿಲೋಮೀಟರ್ ಓಡಿಸಿ ಬಂದು, ಹತ್ತು ಸಲ ಥ್ರಾಟಲ್ ತಿರುಗಿಸಿ ಬಿಡಿ. ಹತ್ತೂ ಸಲ ಒಂದೇ ಕಡೆ ಬಂದು ನಿಂತರೆ, ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ, ನೀಡಲ್ ಕ್ಲಿಪ್ ಎಷ್ಟನೇ ತೋಡಿನಲ್ಲಿದೆ, ಜೆಟ್ ನಂಬರ್ ಏನು ಎಂದು ಒಂದು ಚೀಟಿಯಲ್ಲಿ ಬರೆದು ಟೂಲ್ ಬಾಕ್ಸ್ ಒಳಗೆ ಅಂಟಿಸಿ. ಗಾಡಿ ನಿಲ್ಲಿಸಿಡುವ ದಿನ ಪೆಟ್ರೋಲ್ ಟ್ಯಾಪ್ ಮುಚ್ಚಿ, ಬೌಲ್ ಖಾಲಿಯಾಗುವ ತನಕ ಇಂಜಿನ್ ಓಡಿಸಿ.